ಹಣ ಬರುತ್ತೆ ಅಂತ ಪಿನ್ ಒತ್ತಿದವರು: ತಪ್ಪು ಅವರದ್ದಾ, ಪರದೆಯದ್ದಾ?

ಯುಪಿಐನಲ್ಲಿ ಒಬ್ಬರು ಇನ್ನೊಬ್ಬರಿಗೆ ‘ನನಗೆ ಇಷ್ಟು ಹಣ ಕಳಿಸಿ’ ಎಂದು ಕೋರಿಕೆ ಕಳಿಸುವ ಸೌಲಭ್ಯ 2025ರ ಅಕ್ಟೋಬರ್ ಆರಂಭದಲ್ಲಿ ನಿಂತಿತು. ಅದಕ್ಕೆ ಎರಡು ತಿಂಗಳ ಹಿಂದೆ, ಜುಲೈ ಕೊನೆಯಲ್ಲಿ, ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಬ್ಯಾಂಕುಗಳಿಗೂ ಆ್ಯಪ್ ಕಂಪನಿಗಳಿಗೂ ಸುತ್ತೋಲೆ ಕಳಿಸಿತ್ತು. ಸುದ್ದಿ ಕೇಳಿದವರಿಗೆ ಗೊಂದಲವಾಗುವುದು ಸಹಜ. ಇನ್ನು ಯುಪಿಐನಲ್ಲಿ ಹಣ ತರಿಸಿಕೊಳ್ಳೋಕೆ ಆಗಲ್ವಾ? ಅಂಗಡಿಯ ಕ್ಯೂಆರ್ ಕೋಡ್ ಕೆಲಸ ಮಾಡುತ್ತಾ? ಅದೇ ಅಕ್ಟೋಬರ್‌ನಲ್ಲಿ ಪಿನ್ ಬದಲು ಬೆರಳಚ್ಚು ಅಥವಾ ಮುಖ ತೋರಿಸಿ ಹಣ ಕಳಿಸುವ ಸುದ್ದಿಯೂ ಬಂತು. ಒಂದು ಕಡೆ ಹಳೆಯ ಸೌಲಭ್ಯ ತೆಗೆದರು, ಇನ್ನೊಂದು ಕಡೆ ಹೊಸದು ಸೇರಿಸಿದರು. ಎರಡೂ ಸುರಕ್ಷತೆಗೆ ಎಂದರು.

ಅಂಗಡಿಯ ಕ್ಯೂಆರ್ ಕೋಡಿಗೆ ಏನೂ ಆಗಿಲ್ಲ. ಗೆಳೆಯರಿಗೆ, ಮನೆಯವರಿಗೆ ಹಣ ಕಳಿಸುವುದಕ್ಕೂ ಏನೂ ಆಗಿಲ್ಲ. ಆದರೆ ಈ ಸುದ್ದಿಯ ಒಳಗೆ ಇನ್ನೂ ದೊಡ್ಡ ಸಂಗತಿ ಇದೆ. ವರ್ಷಗಳಿಂದ ನಡೆದುಬಂದ ಒಂದು ಸೌಲಭ್ಯವನ್ನು ದೇಶದಾದ್ಯಂತ ತೆಗೆಯಬೇಕಾಯಿತು. ಆ ಸಾಫ್ಟ್‌ವೇರ್ ಕೆಟ್ಟಿರಲಿಲ್ಲ. ಯಾರೂ ಅದನ್ನು ಹ್ಯಾಕ್ ಮಾಡಿರಲಿಲ್ಲ. ಅದು ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿತ್ತು. ಪರದೆಯ ಮೇಲೆ ನಡೆಯುತ್ತಿದ್ದುದು ಒಂದು, ಬಳಸುವವರು ತಿಳಿದುಕೊಂಡದ್ದು ಇನ್ನೊಂದು. ಆ ಅಂತರವೇ ಮೋಸಗಾರರಿಗೆ ದಾರಿಯಾಯಿತು.

ನಿಂತಿದ್ದು ಯಾವುದು

ಯುಪಿಐ ಶುರುವಾಗಿದ್ದು 2016ರ ಏಪ್ರಿಲ್‌ನಲ್ಲಿ. ಹಣ ಸಾಗಿಸಲು ಅದರಲ್ಲಿ ಎರಡು ದಾರಿಗಳಿದ್ದವು. ಒಂದರಲ್ಲಿ ಕೊಡುವವರೇ ಶುರುಮಾಡುತ್ತಾರೆ. ನಂಬರ್ ಹಾಕಿಯೋ ಕೋಡ್ ಸ್ಕ್ಯಾನ್ ಮಾಡಿಯೋ ಮೊತ್ತ ಬರೆದು ಪಿನ್ ಒತ್ತುತ್ತಾರೆ. ಇನ್ನೊಂದರಲ್ಲಿ ಪಡೆಯುವವರು ಶುರುಮಾಡುತ್ತಾರೆ. ‘ಇಷ್ಟು ಕೊಡಿ’ ಎಂಬ ಕೋರಿಕೆ ಕೊಡುವವರ ಫೋನಿಗೆ ಬರುತ್ತದೆ. ಅವರು ಒಪ್ಪಿ ಪಿನ್ ಒತ್ತಿದರೆ ಅವರ ಖಾತೆಯಿಂದ ಹಣ ಹೋಗುತ್ತದೆ. ಇದಕ್ಕೆ ‘ಕಲೆಕ್ಟ್ ರಿಕ್ವೆಸ್ಟ್’ ಎಂದು ಹೆಸರು.

ಇದು ಕೆಟ್ಟ ಯೋಚನೆಯೇನೂ ಆಗಿರಲಿಲ್ಲ. ನಾಲ್ವರು ಹೋಟೆಲಿನಲ್ಲಿ ಊಟ ಮಾಡಿದರು, ಒಬ್ಬರು ಬಿಲ್ ಕೊಟ್ಟರು. ಉಳಿದ ಮೂವರಿಗೆ ಬಾಯಿಬಿಟ್ಟು ಕೇಳುವ ಮುಜುಗರವಿಲ್ಲದೆ ಒಂದು ಕೋರಿಕೆ ಕಳಿಸಿದರಾಯಿತು. ಹಾಲಿನವರು ತಿಂಗಳ ಲೆಕ್ಕವನ್ನು ಹೀಗೇ ಕಳಿಸಬಹುದಿತ್ತು.

ಆಮೇಲೆ ಮೋಸ ಹೆಚ್ಚಿತು. ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಕೋರಿಕೆಗೆ 2,000 ರೂಪಾಯಿಯ ಮಿತಿ ಬಂತು. ಅದೂ ಸಾಲದೆ ಕೊನೆಗೆ ಪೂರ್ತಿ ನಿಲ್ಲಿಸಿದರು. ರೈಲು ಟಿಕೆಟ್ಟಿಗೋ ಆನ್‌ಲೈನ್ ಖರೀದಿಗೋ ವ್ಯಾಪಾರಿಗಳು ಕಳಿಸುವ ಕೋರಿಕೆ ಬೇರೆ. ಅದನ್ನು ಈ ಸುತ್ತೋಲೆ ಮುಟ್ಟಲಿಲ್ಲ.

ಮೋಸ ನಡೆಯುತ್ತಿದ್ದುದು ಹೀಗೆ

ಒಬ್ಬರು ಹಳೆಯ ಸೋಫಾ ಮಾರಲು ಜಾಹೀರಾತು ಹಾಕುತ್ತಾರೆ. ಫೋನ್ ಬರುತ್ತದೆ. ಆ ಕಡೆಯವನು ಸೈನ್ಯದಲ್ಲಿದ್ದೇನೆ ಎನ್ನುತ್ತಾನೆ. ಚೌಕಾಸಿ ಮಾಡದೆ ಒಪ್ಪುತ್ತಾನೆ. ‘ಮುಂಗಡ ಕಳಿಸ್ತೀನಿ, ನಿಮ್ಮ ಫೋನಿಗೆ ಒಂದು ಮೆಸೇಜ್ ಬರುತ್ತೆ, ಒಪ್ಪಿಕೊಂಡು ಪಿನ್ ಹಾಕಿ, ಹಣ ಬಂದುಬಿಡುತ್ತೆ’ ಎನ್ನುತ್ತಾನೆ. ಹೇಳಿದ ಹಾಗೆಯೇ ಫೋನಿಗೆ ಏನೋ ಬರುತ್ತದೆ. ಹೇಳಿದ ಮೊತ್ತವೇ ಅಲ್ಲಿರುತ್ತದೆ. ಕೆಳಗೆ ಒಂದು ಬಟನ್. ಒತ್ತಿದರೆ ಪಿನ್ ಕೇಳುತ್ತದೆ. ಪಿನ್ ಹಾಕಿದ ಕ್ಷಣದಲ್ಲಿ ಹಣ ಬರುವ ಬದಲು ಹೋಗಿರುತ್ತದೆ.

ಇಲ್ಲಿ ಒಂದನ್ನು ಗಮನಿಸಬೇಕು. ಫೋನಿನಲ್ಲಿ ಮಾತನಾಡುತ್ತಿರುವವನು ಏನೇನು ಹೇಳಿದನೋ ಪರದೆಯ ಮೇಲೆ ಅದೆಲ್ಲ ನಡೆಯಿತು. ಮೆಸೇಜ್ ಬಂತು, ಮೊತ್ತ ಸರಿಯಿತ್ತು, ಬಟನ್ ಇತ್ತು, ಪಿನ್ ಕೇಳಿತು. ಅವನ ಒಂದೊಂದು ಸುಳ್ಳಿಗೂ ಪರದೆ ಸಾಕ್ಷಿ ಹೇಳಿದ ಹಾಗಾಯಿತು. ನಂಬಿಕೆ ಹುಟ್ಟಿದ್ದು ಅವನ ಮಾತಿನಿಂದ ಮಾತ್ರವಲ್ಲ. ಅವನ ಮಾತಿಗೂ ಆ್ಯಪಿಗೂ ತಾಳೆ ಆಗಿದ್ದರಿಂದ.

ಪಿನ್ ಅಂದರೆ ಏನು ಅಂತ ಯಾರು ಕಲಿಸಿದರು?

‘ಹಣ ಪಡೆಯಲು ಪಿನ್ ಬೇಕಿಲ್ಲ, ಕೊಡಲು ಮಾತ್ರ ಬೇಕು.’ ಬ್ಯಾಂಕುಗಳು ವರ್ಷಗಳಿಂದ ಇದನ್ನು ಎಸ್‌ಎಂಎಸ್‌ನಲ್ಲಿ, ಪೋಸ್ಟರ್‌ಗಳಲ್ಲಿ, ಜಾಹೀರಾತುಗಳಲ್ಲಿ ಹೇಳುತ್ತಲೇ ಇವೆ. ಇಷ್ಟು ಸರಳ ಮಾತು ಜನರ ತಲೆಗೆ ಯಾಕೆ ಹೋಗಲಿಲ್ಲ?

ಮನುಷ್ಯರು ಪೋಸ್ಟರ್ ನೋಡಿ ಕಲಿಯುವುದಕ್ಕಿಂತ ಕೈಯಿಂದ ಮಾಡಿ ಕಲಿಯುವುದು ಜಾಸ್ತಿ. ಹಾಗಾದರೆ ಪಿನ್ ಬಗ್ಗೆ ನಮ್ಮ ಕೈ ಕಲಿತದ್ದೇನು? ನಮ್ಮಲ್ಲಿ ಬಹಳ ಜನ ಮೊದಲು ಪಿನ್ ಒತ್ತಿದ್ದು ಎಟಿಎಂನಲ್ಲಿ. ಅಲ್ಲಿ ಪಿನ್ ಒತ್ತಿದರೆ ನೋಟು ಕೈಗೆ ಬರುತ್ತದೆ. ಪಿನ್ ಅಂದರೆ ಹಣ ಬರುವ ದಾರಿ ಎಂಬುದು ಯುಪಿಐಗಿಂತ ಎಷ್ಟೋ ವರ್ಷ ಮೊದಲೇ ಕೂತ ಪಾಠ.

ಆಮೇಲೆ ಯುಪಿಐ ಬಂತು. ಅದರಲ್ಲಿ ಹಣ ಕಳಿಸಲು ಪಿನ್ ಬೇಕು. ಸರಿ. ಆದರೆ ಖಾತೆಯಲ್ಲಿ ಎಷ್ಟಿದೆ ಎಂದು ನೋಡಲೂ ಅದೇ ಪಿನ್ ಬೇಕು. ಬ್ಯಾಲೆನ್ಸ್ ನೋಡಿದರೆ ಒಂದು ಪೈಸೆಯೂ ಹೋಗುವುದಿಲ್ಲ. ದಿನಕ್ಕೆ ಎರಡು ಮೂರು ಸಲ ಬ್ಯಾಲೆನ್ಸ್ ನೋಡುವವರು ದಿನಕ್ಕೆ ಎರಡು ಮೂರು ಸಲ ಕಲಿಯುವುದು ಏನು? ಪಿನ್ ಒತ್ತಿದರೆ ಹಣ ಹೋಗಲೇಬೇಕೆಂದಿಲ್ಲ, ಅದು ‘ನಾನೇ’ ಎಂದು ಹೇಳುವ ಗುರುತು ಅಷ್ಟೇ ಎಂದು.

ಹೀಗೆ ಪೋಸ್ಟರ್ ಒಂದು ಹೇಳುತ್ತಿದ್ದರೆ ಎಟಿಎಂ, ಬ್ಯಾಲೆನ್ಸ್ ಎರಡೂ ಸೇರಿ ಬೇರೆಯದನ್ನು ಕಲಿಸುತ್ತಿದ್ದವು. ಸೈನಿಕನ ವೇಷ ಹಾಕಿದವನು ಫೋನಿನಲ್ಲಿ ಹೇಳಿದ್ದು ಈ ಎರಡನೇ ಪಾಠಕ್ಕೆ ಸರಿಹೊಂದುತ್ತಿತ್ತು. ಅದಕ್ಕೇ ಓದಿದವರೂ ಸಿಕ್ಕಿಬಿದ್ದರು. ಇದನ್ನು ಅನಕ್ಷರತೆಯ ಸಮಸ್ಯೆ ಎಂದು ತಳ್ಳಿಹಾಕುವುದು ಅನ್ಯಾಯ.

ಒಂದೇ ಥರ ಕಾಣುವ ಎರಡು ಸ್ವಿಚ್

ಈ ಬಗೆಯ ತಪ್ಪು ಹೊಸದಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳಲ್ಲಿ ಒಂದು ವಿಚಿತ್ರ ಅಪಘಾತ ಮತ್ತೆ ಮತ್ತೆ ಆಗುತ್ತಿತ್ತು. ವಿಮಾನ ಸರಿಯಾಗಿ ಇಳಿಯುತ್ತಿತ್ತು. ಇಳಿದ ಮೇಲೆ ಪೈಲಟ್ ರೆಕ್ಕೆಯ ಫ್ಲಾಪ್ ಮಡಿಸಲು ಹೋಗಿ ಚಕ್ರಗಳನ್ನೇ ಒಳಗೆ ಎಳೆದುಬಿಡುತ್ತಿದ್ದ. ವಿಮಾನ ಹೊಟ್ಟೆಯ ಮೇಲೆ ಕೂತುಬಿಡುತ್ತಿತ್ತು. ಕಡತಗಳಲ್ಲಿ ‘ಪೈಲಟ್ ತಪ್ಪು’ ಎಂದು ಬರೆಯುತ್ತಿದ್ದರು.

ಆಲ್ಫಾನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಕಾಕ್‌ಪಿಟ್‌ಗೆ ಹೋಗಿ ನೋಡಿದರು. ಚಕ್ರದ ಸ್ವಿಚ್ಚೂ ಫ್ಲಾಪಿನ ಸ್ವಿಚ್ಚೂ ಅಕ್ಕಪಕ್ಕದಲ್ಲಿದ್ದವು. ಆಕಾರದಲ್ಲಿ ಒಂದೇ ಥರ ಇದ್ದವು. ದಣಿದ ಪೈಲಟ್‌ನ ಕೈ ಯಾವುದಕ್ಕೆ ಹೋಗುತ್ತದೆ ಎಂಬುದು ಅದೃಷ್ಟಕ್ಕೆ ಬಿಟ್ಟ ಮಾತಾಗಿತ್ತು. ಪರಿಹಾರ ತುಂಬಾ ಸರಳ. ಚಕ್ರದ ಹಿಡಿಗೆ ಚಕ್ರದಂಥ ಆಕಾರ, ಫ್ಲಾಪಿನ ಹಿಡಿಗೆ ಫ್ಲಾಪಿನಂಥ ಆಕಾರ ಕೊಟ್ಟರು. ಕಣ್ಣಿನಿಂದ ನೋಡದಿದ್ದರೂ ಕೈಗೆ ಗೊತ್ತಾಗುವ ಹಾಗೆ. ವಿಮಾನಗಳಲ್ಲಿ ಈ ಪದ್ಧತಿ ಇವತ್ತಿಗೂ ಇದೆ.

ಬಳಕೆದಾರರನ್ನು ನಡುವೆ ಇಟ್ಟುಕೊಂಡು ವಿನ್ಯಾಸ ಮಾಡುವುದು ಅಂದರೆ ಇದೇ. ಒಂದೇ ತಪ್ಪು ಬೇರೆ ಬೇರೆ ಜನರಿಂದ ಮತ್ತೆ ಮತ್ತೆ ಆಗುತ್ತಿದ್ದರೆ ಜನರನ್ನು ಬಯ್ಯುವುದು ಬಿಟ್ಟು ಸ್ವಿಚ್ಚನ್ನು ನೋಡಬೇಕು.

ಈಗ ಯುಪಿಐ ಪಿನ್ ಪುಟವನ್ನು ನೆನೆಸಿಕೊಳ್ಳಿ. ಮೇಲೆ ಒಂದು ಹೆಸರು, ಮೊತ್ತ. ಕೆಳಗೆ ಅಂಕಿಗಳ ಕೀಲಿಮಣೆ. ಹಣ ಕಳಿಸುವಾಗ, ಕೋರಿಕೆ ಒಪ್ಪುವಾಗ, ಬ್ಯಾಲೆನ್ಸ್ ನೋಡುವಾಗ ಹೆಚ್ಚುಕಡಿಮೆ ಅದೇ ಪುಟ. ಎಲ್ಲ ಆ್ಯಪ್‌ಗಳಲ್ಲೂ ಪಿನ್ ಪುಟ ಒಂದೇ ಥರ ಇರಬೇಕು ಎಂಬುದಕ್ಕೆ ಒಳ್ಳೆಯ ಕಾರಣವಿದೆ. ಆ್ಯಪ್ ಕಂಪನಿಗೆ ಪಿನ್ ಸಿಗಬಾರದು, ಜನರಿಗೂ ಪರಿಚಿತ ಪುಟವೇ ಕಾಣಬೇಕು. ಆದರೆ ಬೇರೆ ಬೇರೆ ಆ್ಯಪ್‌ನಲ್ಲಿ ಒಂದೇ ಥರ ಇರುವುದು ಬೇರೆ. ಬೇರೆ ಬೇರೆ ಕೆಲಸಕ್ಕೆ ಒಂದೇ ಥರ ಇರುವುದು ಬೇರೆ. ಎರಡನೆಯದು ಬಿ-17ರ ಸ್ವಿಚ್ಚು.

ಮೇಲೆ ಅಕ್ಷರದಲ್ಲಿ ಬರೆದಿರುತ್ತಲ್ವಾ ಎಂದು ಕೇಳಬಹುದು. ಬರೆದಿರುತ್ತದೆ. ಆದರೆ ದಿನಾ ಕಾಣುವ ಪುಟದಲ್ಲಿ ಕಣ್ಣು ಓದುವುದನ್ನು ಬಿಟ್ಟು ಎಷ್ಟೋ ಕಾಲವಾಗಿರುತ್ತದೆ. ಬೆರಳು ನೇರ ಕೀಲಿಮಣೆಗೆ ಹೋಗುತ್ತದೆ. ಕಿವಿಯಲ್ಲಿ ಒಬ್ಬ ಅವಸರ ಮಾಡುತ್ತಿದ್ದರೆ ಕೇಳುವುದೇ ಬೇಡ.

‘ಸ್ವೀಕರಿಸಿ’ ಎಂದರೆ ಕೊಡುವುದಾ, ತಗೊಳ್ಳುವುದಾ?

ಕನ್ನಡದಲ್ಲಿ ಈ ಸಿಕ್ಕು ಇನ್ನೂ ಒಂದು ಸುತ್ತು ಬಿಗಿ. ಕೋರಿಕೆಯನ್ನು ಒಪ್ಪುವ ಬಟನ್ನಿಗೆ ‘ಸ್ವೀಕರಿಸಿ’ ಎಂದು ಬರೆದರೆ ಅನುವಾದವಾಗಿ ಅದು ಸರಿ. ಕೋರಿಕೆಯನ್ನು ಸ್ವೀಕರಿಸುವುದು ಅಂದರೆ ಒಪ್ಪುವುದು. ಆದರೆ ಕನ್ನಡದಲ್ಲಿ ಹಣ ಪಡೆಯುವುದಕ್ಕೂ ‘ಹಣ ಸ್ವೀಕರಿಸುವುದು’ ಎಂದೇ ಹೇಳುತ್ತೇವೆ. ಪರದೆಯ ಮೇಲೆ 2,000 ರೂಪಾಯಿ, ಅದರ ಕೆಳಗೆ ‘ಸ್ವೀಕರಿಸಿ’ ಎಂಬ ಬಟನ್ ಇದ್ದರೆ ಓದುವವರು ಏನು ತಿಳಿಯಬೇಕು? ಅಲ್ಲಿ ಕೊಡುವುದಕ್ಕೂ ತಗೊಳ್ಳುವುದಕ್ಕೂ ಒಂದೇ ಪದ.

‘ಪಾವತಿ’ಯೂ ಹಾಗೆಯೇ. ಹಣ ಕೊಡುವುದೂ ಪಾವತಿ. ಹಣ ಸಂದಿದೆ ಎಂದು ಬರೆದುಕೊಡುವ ಚೀಟಿಯೂ ಪಾವತಿ. ಹಳೆಯ ಕಾಲದವರಿಗೆ ಎರಡನೆಯ ಅರ್ಥವೇ ಮೊದಲು ಹೊಳೆಯಬಹುದು.

ಹಾಗಾದರೆ ಜನ ಏನೆನ್ನುತ್ತಾರೆ? ‘ದುಡ್ಡು ಕಟ್ ಆಯ್ತು’ ಎನ್ನುತ್ತಾರೆ. ‘ಜಮಾ ಆಯ್ತು’ ಎನ್ನುತ್ತಾರೆ. ಈ ಎರಡು ಮಾತಿನಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ. ‘ನಿಮ್ಮ ಖಾತೆಯಿಂದ 2,000 ರೂಪಾಯಿ ಕಟ್ ಆಗುತ್ತದೆ’ ಎಂದು ದೊಡ್ಡದಾಗಿ ಬರೆದಿದ್ದರೆ ಸೋಫಾ ಮಾರುವವರ ಬೆರಳು ಅಲ್ಲೇ ನಿಲ್ಲುವ ಸಾಧ್ಯತೆ ಹೆಚ್ಚು. ಇದು ಭಾಷಾಂತರಕಾರರ ತಪ್ಪಲ್ಲ. ಅವರ ಕೈಗೆ ಇಂಗ್ಲಿಷ್ ಪದಗಳ ಪಟ್ಟಿ ಮಾತ್ರ ಕೊಟ್ಟು, ಆ ಪದ ಯಾವ ಪರದೆಯಲ್ಲಿ ಯಾವ ಬಟನ್ ಮೇಲೆ ಕೂರುತ್ತದೆ ಎಂದು ತೋರಿಸದಿದ್ದರೆ ಇಂಥ ಪದಗಳೇ ಬರುತ್ತವೆ. ಕನ್ನಡದಲ್ಲಿ ಆ್ಯಪ್ ಇದ್ದರೆ ಸಾಲದು, ಕನ್ನಡದಲ್ಲಿ ಅದನ್ನು ಪರೀಕ್ಷೆ ಮಾಡಿರಬೇಕು.

ಮೊದಲೇ ಗೊತ್ತಾಗುತ್ತಿತ್ತಾ?

ಗೊತ್ತಾಗುತ್ತಿತ್ತು ಎಂಬುದೇ ಈ ಲೇಖನದ ವಾದ. ಅದಕ್ಕೆ ದೊಡ್ಡ ಖರ್ಚೂ ಬೇಕಿರಲಿಲ್ಲ.

ಬಳಕೆ ಪರೀಕ್ಷೆ ಅಂದರೆ ಸಾಫ್ಟ್‌ವೇರ್ ಕೆಲಸ ಮಾಡುತ್ತಾ ಎಂದು ನೋಡುವುದಲ್ಲ. ಆ ಕೆಲಸಕ್ಕೆ ಬೇರೆ ಪರೀಕ್ಷೆಗಳಿವೆ. ಇಲ್ಲಿ ನೋಡುವುದು ಮನುಷ್ಯರನ್ನು. ಒಬ್ಬರನ್ನು ಕೂರಿಸಿ ಕೈಗೆ ಫೋನ್ ಕೊಡುತ್ತಾರೆ. ಒಂದು ಕೆಲಸ ಹೇಳುತ್ತಾರೆ. ಮಾಡುತ್ತಾ ಮನಸ್ಸಿಗೆ ಬಂದದ್ದನ್ನು ಜೋರಾಗಿ ಹೇಳಲು ಕೇಳುತ್ತಾರೆ. ಪಕ್ಕದಲ್ಲಿ ಕೂತವರು ಸಹಾಯ ಮಾಡುವ ಹಾಗಿಲ್ಲ. ‘ಅಲ್ಲಿ ಒತ್ತಿ’ ಎಂದು ಬಾಯಿಬಿಟ್ಟರೆ ಪರೀಕ್ಷೆ ಕೆಟ್ಟಿತು. ಎಲ್ಲಿ ತಡವರಿಸುತ್ತಾರೆ, ಯಾವ ಪದವನ್ನು ತಪ್ಪಾಗಿ ತಿಳಿಯುತ್ತಾರೆ ಎಂದು ಬರೆದುಕೊಳ್ಳುವುದಷ್ಟೇ ಕೆಲಸ.

1999ರಲ್ಲಿ ಅಮೆರಿಕದಲ್ಲಿ ಆಲ್ಮಾ ವಿಟ್ಟನ್ ಮತ್ತು ಡಗ್ ಟೈಗರ್ ಪ್ರಕಟಿಸಿದ ಒಂದು ಪರೀಕ್ಷೆ ಈ ಕ್ಷೇತ್ರದಲ್ಲಿ ತುಂಬಾ ಪ್ರಸಿದ್ಧ. ಇಮೇಲನ್ನು ಗುಟ್ಟಾಗಿ ಕಳಿಸುವ ಪಿಜಿಪಿ 5.0 ಎಂಬ ಸಾಫ್ಟ್‌ವೇರನ್ನು ಅವರು 12 ಜನರ ಕೈಗೆ ಕೊಟ್ಟರು. ಎಲ್ಲರೂ ಓದಿದವರು, ಇಮೇಲ್ ಬಳಸಿ ಅಭ್ಯಾಸವಿದ್ದವರು. 90 ನಿಮಿಷ ಸಮಯ. ಮೂರನೇ ಒಂದು ಭಾಗದಷ್ಟು ಜನ ಮಾತ್ರ ಕೆಲಸವನ್ನು ಸರಿಯಾಗಿ ಮುಗಿಸಿದರು. ಮೂವರು ಗುಟ್ಟಾಗಿ ಕಳಿಸಬೇಕಾದದ್ದನ್ನು ಕೈತಪ್ಪಿ ಬಹಿರಂಗವಾಗಿ ಕಳಿಸಿದರು. ಆ ಸಾಫ್ಟ್‌ವೇರಿನ ಒಳಗಿನ ಗಣಿತ ಗಟ್ಟಿಯಾಗಿತ್ತು. ನೋಡಲೂ ಚೆನ್ನಾಗಿತ್ತು. ಆದರೂ ಗುಟ್ಟು ಬಯಲಾಯಿತು. ಸುರಕ್ಷತೆಯ ವ್ಯವಸ್ಥೆಯಲ್ಲಿ ಬಳಕೆ ಕಷ್ಟವಾದರೆ ಸುರಕ್ಷತೆಯೂ ಇಲ್ಲ ಎಂಬುದು ಹೀಗೆ ಕಣ್ಣೆದುರು ಬಂತು. ಅದಕ್ಕೆ ಬೇಕಾದದ್ದು 12 ಜನ.

ಬಳಕೆ ಪರೀಕ್ಷೆಯಲ್ಲಿ ಹೆಸರಾದ ಜೇಕಬ್ ನೀಲ್ಸನ್ ಇನ್ನೂ ಕಡಿಮೆ ಹೇಳುತ್ತಾರೆ. ಒಂದು ಸುತ್ತಿಗೆ ಐದು ಜನ ಸಾಕು, ತಿದ್ದಿ ಮತ್ತೆ ಐದು ಜನರನ್ನು ಕೂರಿಸಿ ಎನ್ನುತ್ತಾರೆ. ಬೇರೆ ಬೇರೆ ಬಗೆಯ ಬಳಕೆದಾರರಿದ್ದರೆ ಪ್ರತಿ ಗುಂಪಿನಿಂದಲೂ ಕೆಲವರು ಬೇಕು. ಯುಪಿಐಗೆ ಇದು ತುಂಬಾ ಮುಖ್ಯ. ಬೆಂಗಳೂರಿನ ಕಚೇರಿಯಲ್ಲಿ ಕೂತ ಐವರು ಸಾಲದು. ತರಕಾರಿ ಮಾರುವವರು, ಪಿಂಚಣಿ ತಗೊಳ್ಳುವವರು, ಕಣ್ಣು ಮಂಜಾದವರು, ಮಕ್ಕಳ ಹಳೆಯ ಫೋನ್ ಬಳಸುವವರು ಬೇಕು. ಜಾಗವೂ ಮುಖ್ಯ. ಎಸಿ ಕೋಣೆಯಲ್ಲಿ ಸ್ಪಷ್ಟವಾಗಿ ಕಾಣುವ ಬೂದು ಬಣ್ಣದ ಅಕ್ಷರ ಸಂತೆಯ ಬಿಸಿಲಿನಲ್ಲಿ ಕಾಣುವುದಿಲ್ಲ. ಬಳಕೆ ಸುಲಭವೋ ಅಲ್ಲವೋ ಎಂದು ಅಳೆಯುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 9241 ಕೂಡ ಇದನ್ನೇ ಹೇಳುತ್ತದೆ. ಯಾರು, ಯಾವ ಕೆಲಸಕ್ಕೆ, ಯಾವ ಸನ್ನಿವೇಶದಲ್ಲಿ ಎಂದು ಹೇಳದೆ ‘ಬಳಸಲು ಸುಲಭ’ ಎನ್ನುವುದಕ್ಕೆ ಅರ್ಥವಿಲ್ಲ.

ಸುರಕ್ಷತೆಯ ವಿಷಯದಲ್ಲಿ ಇನ್ನೊಂದು ಮೆಟ್ಟಿಲು ಹತ್ತಬೇಕು. ‘ಈ ಕೋರಿಕೆಯನ್ನು ಒಪ್ಪಿ’ ಎಂದು ಕೆಲಸ ಕೊಟ್ಟರೆ ಎಲ್ಲರೂ ಸಲೀಸಾಗಿ ಮಾಡುತ್ತಾರೆ, ಪರೀಕ್ಷೆ ಪಾಸ್. ‘ಒಬ್ಬರು ನಿಮಗೆ ಹಣ ಕಳಿಸ್ತೀನಿ ಅಂದಿದ್ದಾರೆ, ಈ ಪರದೆ ಬಂದಿದೆ, ಮುಂದೇನು ಮಾಡ್ತೀರಿ?’ ಎಂದು ಕೇಳಬೇಕಿತ್ತು. ಆ ಒಂದು ಪ್ರಶ್ನೆಗೆ ಐದಾರು ಜನರ ಉತ್ತರ ಕೇಳಿದ್ದರೆ ತೊಂದರೆ ಅಲ್ಲೇ ಕಾಣುತ್ತಿತ್ತು.

ಯಾರ ವಾದ ಏನು

ವ್ಯವಸ್ಥೆ ನಡೆಸುವವರ ವಾದ ಸರಳ. ಮೋಸಕ್ಕೆ ದಾರಿಯಾಗಿರುವ ಬಾಗಿಲನ್ನು ಮುಚ್ಚಿಬಿಡೋಣ. ಇದರಲ್ಲಿ ಹುರುಳಿದೆ. ಪರದೆಯ ಮೇಲೆ ಹತ್ತು ಎಚ್ಚರಿಕೆ ಬರೆಯುವುದಕ್ಕಿಂತ ಅಪಾಯದ ದಾರಿಯನ್ನೇ ತೆಗೆಯುವುದು ಒಳ್ಳೆಯ ವಿನ್ಯಾಸ. ಜೊತೆಗೆ ಲೆಕ್ಕವೂ ಇದೆ. 2025ರ ಆಗಸ್ಟ್‌ನಲ್ಲಿ ಯುಪಿಐ ವಹಿವಾಟು ಮೊದಲ ಸಲ ತಿಂಗಳಿಗೆ 2,000 ಕೋಟಿ ದಾಟಿತು. ಈ ಪ್ರಮಾಣದಲ್ಲಿ ಲಕ್ಷಕ್ಕೆ ಒಂದು ತಪ್ಪಾದರೂ ತಿಂಗಳಿಗೆ ಎರಡು ಲಕ್ಷ ತಪ್ಪು.

ಆ್ಯಪ್ ಕಟ್ಟುವವರ ಕಾಳಜಿ ಬೇರೆ. ಪ್ರತಿ ಅಪಾಯಕ್ಕೂ ಒಂದು ಸೌಲಭ್ಯ ಕಿತ್ತುಹಾಕುತ್ತಾ ಹೋದರೆ ಉಳಿಯುವುದೇನು? ಪ್ರತಿ ಹೆಜ್ಜೆಗೂ ಒಂದು ಎಚ್ಚರಿಕೆ ಸೇರಿಸಿದರೆ ಜನ ಅದನ್ನು ಓದದೆ ದಾಟುವುದನ್ನು ಕಲಿಯುತ್ತಾರೆ. ಇದೂ ನಿಜ. ಯುಪಿಐ ಹಳ್ಳಿ ಹಳ್ಳಿಗೆ ಹೋಗಿದ್ದೇ ಅದರ ಸಲೀಸಿನಿಂದ.

ಮೂರನೆಯ ವಾದ ‘ಜನರಿಗೆ ಅರಿವು ಮೂಡಿಸಬೇಕು’ ಎಂಬುದು. ಅರಿವು ಬೇಡ ಎಂದು ಯಾರೂ ಹೇಳುವುದಿಲ್ಲ. ಆದರೆ ಕೋಟ್ಯಂತರ ಜನರ ತಲೆಯನ್ನು ಬದಲಾಯಿಸುವುದಕ್ಕಿಂತ ಒಂದು ಪರದೆಯನ್ನು ಬದಲಾಯಿಸುವುದು ಸುಲಭ ಅಲ್ವಾ? ಮೊದಲನೆಯದನ್ನು ಪ್ರತಿ ವರ್ಷ ಹೊಸ ಬಳಕೆದಾರರಿಗೆ ಮತ್ತೆ ಮಾಡಬೇಕು. ಎರಡನೆಯದನ್ನು ಒಂದು ಸಲ ಮಾಡಿದರೆ ಆಯಿತು.

ನಷ್ಟ ಯಾರ ತಲೆಗೆ

ಪರದೆಯ ವಿನ್ಯಾಸ ಸುಮ್ನೆ ಅಂದಚೆಂದದ ಮಾತಲ್ಲ. ಹೋದ ಹಣ ಯಾರ ಹೊಣೆ ಎಂಬುದನ್ನೂ ಅದು ನಿರ್ಧರಿಸುತ್ತದೆ.

ಗ್ರಾಹಕರ ಒಪ್ಪಿಗೆ ಇಲ್ಲದೆ ನಡೆದ ವಹಿವಾಟಿನ ಬಗ್ಗೆ ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ನಿಯಮ ತಂದಿತು. ಗ್ರಾಹಕರ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋಗಿ, ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಅವರಿಗೆ ನಷ್ಟವಿಲ್ಲ ಎಂದಿತು. ಆದರೆ ಗ್ರಾಹಕರ ನಿರ್ಲಕ್ಷ್ಯದಿಂದ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದ್ದೇ. ಕಲೆಕ್ಟ್ ರಿಕ್ವೆಸ್ಟ್ ಮೋಸದಲ್ಲಿ ಪಿನ್ ಒತ್ತಿದ್ದು ಗ್ರಾಹಕರೇ. ಕಂಪ್ಯೂಟರ್ ದಾಖಲೆಯಲ್ಲಿ ಅದು ಒಪ್ಪಿಗೆ ಕೊಟ್ಟ ವಹಿವಾಟು. ಯಾವುದಕ್ಕೆ ಒಪ್ಪಿಗೆ ಕೊಡುತ್ತಿದ್ದೇವೆಂದು ಅವರು ತಿಳಿದಿದ್ದರು ಎಂಬುದು ಆ ದಾಖಲೆಯಲ್ಲಿ ಇಲ್ಲ.

ಬ್ರಿಟನ್ ಬೇರೆ ದಾರಿ ಹಿಡಿದಿದೆ. 2024ರ ಅಕ್ಟೋಬರ್ 7ರಿಂದ ಅಲ್ಲಿ ಮೋಸಕ್ಕೆ ಸಿಕ್ಕಿ ತಾವೇ ಹಣ ಕಳಿಸಿದವರಿಗೂ ಬ್ಯಾಂಕುಗಳು 85,000 ಪೌಂಡ್‌ವರೆಗೆ ಹಿಂದಿರುಗಿಸಬೇಕು. ಅದನ್ನು ಕಳಿಸಿದ ಬ್ಯಾಂಕ್, ಪಡೆದ ಬ್ಯಾಂಕ್ ಅರ್ಧರ್ಧ ಹೊರಬೇಕು. ತೀರಾ ಬೇಜವಾಬ್ದಾರಿ ಇದ್ದರೆ ಮಾತ್ರ ವಿನಾಯಿತಿ. ಪರಿಣಾಮ ಏನಾಗುತ್ತದೆ ಎಂದು ಯೋಚಿಸಿ. ಗೊಂದಲದ ಪರದೆಯ ಖರ್ಚು ಈಗ ಪರದೆ ಮಾಡಿದವರ ಲೆಕ್ಕಕ್ಕೇ ಬೀಳುತ್ತದೆ. ಆಗ ಬಳಕೆ ಪರೀಕ್ಷೆ ಮಾಡುವುದು ಲಾಭದ ಕೆಲಸವಾಗುತ್ತದೆ. ನಷ್ಟ ಪೂರ್ತಿ ಗ್ರಾಹಕರ ಮೇಲಿರುವ ಕಡೆ ಆ ಒತ್ತಡ ಹುಟ್ಟುವುದಿಲ್ಲ. ಇದಕ್ಕೆ ಎದುರು ವಾದವೂ ಇದೆ. ಹಣ ವಾಪಸ್ ಬರುತ್ತದೆ ಎಂದು ಗೊತ್ತಾದರೆ ಜನ ಎಚ್ಚರ ತಪ್ಪುತ್ತಾರೆ, ಸುಳ್ಳು ದೂರು ಹೆಚ್ಚುತ್ತದೆ ಎನ್ನುತ್ತಾರೆ. ಭಾರತದ ಪ್ರಮಾಣಕ್ಕೆ ಬ್ರಿಟನ್ನಿನ ನಿಯಮ ಹಾಗೇ ಹೊಂದಬೇಕೆಂದೇನಿಲ್ಲ. ಆದರೆ ಹೊಣೆಯಲ್ಲಿ ಒಂದು ಪಾಲಾದರೂ ವ್ಯವಸ್ಥೆಯ ಕಡೆ ಬರದೆ ಪರದೆಗಳು ತಾವಾಗಿ ಸುಧಾರಿಸುವುದು ಕಷ್ಟ.

ಸರಿಯಾಗಿ ಮಾಡಿದ ಎರಡು ಕೆಲಸ

ಯುಪಿಐ ಲೋಕದಲ್ಲೇ ಒಳ್ಳೆಯ ಉದಾಹರಣೆಗಳಿವೆ. ಅಂಗಡಿಯ ಸೌಂಡ್‌ಬಾಕ್ಸ್ ನೋಡಿ. ಸಂಜೆ ಹೊತ್ತಿನಲ್ಲಿ ಚುರುಮುರಿ ಕಲಸುವವರ ಕೈ ಎಣ್ಣೆ ಖಾರ. ಎದುರಿಗೆ ಹತ್ತು ಜನ. ಹಣ ಬಂತೋ ಇಲ್ಲವೋ ಎಂದು ಪ್ರತಿ ಸಲ ಫೋನ್ ತೆಗೆದು ನೋಡಲು ಆಗದು. ಗ್ರಾಹಕರು ತೋರಿಸುವ ಪರದೆ ನಿಜವೋ ಸುಳ್ಳೋ ಗೊತ್ತಾಗದು. ಅದಕ್ಕೆ ಉತ್ತರವಾಗಿ ಬಂದದ್ದು ಕನ್ನಡದಲ್ಲಿ ಮೊತ್ತ ಕೂಗುವ ಡಬ್ಬಿ. ಕಣ್ಣು ಬೇಡ, ಕೈ ಬೇಡ, ಕಿವಿ ಸಾಕು. ಕೆಲಸ ನಡೆಯುವ ಜಾಗಕ್ಕೆ ಹೊಂದಿದ ಯಂತ್ರ ಅಂದರೆ ಇದು.

ಇನ್ನೊಂದು, ಹೆಸರು ತೋರಿಸುವ ನಿಯಮ. ಮೊದಲು ಹಣ ಪಡೆಯುವವರ ಹೆಸರನ್ನು ಕ್ಯೂಆರ್ ಕೋಡಿನಿಂದಲೋ ಬಳಸುವವರು ತಾವೇ ಇಟ್ಟುಕೊಂಡ ಹೆಸರಿನಿಂದಲೋ ತೋರಿಸಬಹುದಿತ್ತು. 2025ರ ಜೂನ್ 30ರೊಳಗೆ ಎಲ್ಲ ಆ್ಯಪ್‌ಗಳೂ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕು ಎಂದು ಎನ್‌ಪಿಸಿಐ ಹೇಳಿತು. ಇಲ್ಲಿ ಬಳಸುವವರಿಗೆ ಹೊಸ ಪಾಠ ಕಲಿಸಬೇಕಿಲ್ಲ. ಅವರು ನೋಡುವ ಮಾಹಿತಿಯೇ ಸತ್ಯವಾಯಿತು.

ಕೋರ್ಟ್ ಹೇಳಿದ್ದು

ಬಳಕೆ ಪರೀಕ್ಷೆ ಇನ್ನು ಬರೀ ಒಳ್ಳೆಯ ಅಭ್ಯಾಸವಾಗಿ ಉಳಿಯುವುದಿಲ್ಲ ಎಂಬುದಕ್ಕೆ ಒಂದು ಸೂಚನೆ ಸುಪ್ರೀಂ ಕೋರ್ಟಿನಿಂದ ಬಂದಿದೆ. ಬ್ಯಾಂಕ್ ಖಾತೆಗೆ ಆನ್‌ಲೈನ್ ಕೆವೈಸಿ, ಅಂದರೆ ಗ್ರಾಹಕರ ಗುರುತಿನ ಪರಿಶೀಲನೆ, ಮಾಡುವಾಗ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಲು ಹೇಳುತ್ತಾರೆ. ಆ್ಯಸಿಡ್ ದಾಳಿಯಲ್ಲಿ ಕಣ್ಣಿಗೆ ಪೆಟ್ಟಾದವರು ಏನು ಮಾಡಬೇಕು? ಕಣ್ಣು ಕಾಣದವರು ಕ್ಯಾಮೆರಾ ಚೌಕಟ್ಟಿನೊಳಗೆ ಮುಖ ಹೇಗೆ ಹಿಡಿಯಬೇಕು? ಆ್ಯಸಿಡ್ ದಾಳಿಗೆ ಒಳಗಾದ ಪ್ರಜ್ಞಾ ಪ್ರಸೂನ್ ಮತ್ತು ಇತರರ ಅರ್ಜಿಗಳ ಮೇಲೆ 2025ರ ಏಪ್ರಿಲ್ 30ರಂದು ಕೋರ್ಟ್ ತೀರ್ಪು ಕೊಟ್ಟಿತು. ಡಿಜಿಟಲ್ ಸೇವೆ ಎಟಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. 20 ನಿರ್ದೇಶನಗಳನ್ನು ಕೊಟ್ಟಿತು. ಆ್ಯಪ್ ಅಥವಾ ಹೊಸ ಸೌಲಭ್ಯ ತರುವಾಗ ಪರೀಕ್ಷೆಯ ಹಂತದಲ್ಲೇ ಕಣ್ಣು ಕಾಣದವರನ್ನು ಸೇರಿಸಿಕೊಳ್ಳಬೇಕು ಎಂಬುದು ಅದರಲ್ಲಿ ಒಂದು.

ಈ ಒಂದು ಸಾಲು ತುಂಬಾ ದೂರ ಹೋಗುತ್ತದೆ. ಕಟ್ಟಿ ಮುಗಿಸಿದ ಮೇಲೆ ತಿದ್ದುವುದಲ್ಲ, ಕಟ್ಟುವಾಗಲೇ ಬಳಸುವವರು ಪಕ್ಕದಲ್ಲಿರಬೇಕು ಎಂದು ದೇಶದ ಅತಿ ದೊಡ್ಡ ಕೋರ್ಟ್ ಹೇಳಿದ ಹಾಗಾಯಿತು. ಇಂದು ಕಣ್ಣು ಕಾಣದವರಿಗೆ ಸಿಕ್ಕ ಈ ಜಾಗ ನಾಳೆ ವಯಸ್ಸಾದವರಿಗೆ, ಓದು ಕಡಿಮೆ ಇರುವವರಿಗೆ, ಕನ್ನಡ ಮಾತ್ರ ಬಲ್ಲವರಿಗೂ ಸಿಗಬೇಕು ಎಂದು ಕೇಳಲು ಈಗ ಒಂದು ಆಧಾರವಿದೆ.

ಮುಂದೆ ಏನಾಗಬಹುದು

ಕಲೆಕ್ಟ್ ರಿಕ್ವೆಸ್ಟ್ ನಿಂತಿದ್ದರಿಂದ ಆ ಒಂದು ಬಗೆಯ ಮೋಸ ಕಡಿಮೆಯಾಗುತ್ತದೆ. ಆದರೆ ಮೋಸಗಾರರು ಕೈಕಟ್ಟಿ ಕೂರುವುದಿಲ್ಲ. ‘ಹಣ ಪಡೆಯಲು ಈ ಕೋಡ್ ಸ್ಕ್ಯಾನ್ ಮಾಡಿ’ ಎನ್ನುವುದು, ಆಹ್ವಾನ ಪತ್ರಿಕೆಯ ಹೆಸರಿನಲ್ಲಿ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಕಳಿಸುವುದು ಈಗಾಗಲೇ ನಡೆಯುತ್ತಿದೆ. ಹಣ ಹೋದ ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡುವ ಅಗತ್ಯ ಮುಂದೆಯೂ ಇರುತ್ತದೆ.

ಇನ್ನು ಬೆರಳಚ್ಚು. ಪಿನ್ ಮರೆಯುವವರಿಗೆ, ಪಕ್ಕದವರು ಇಣುಕುತ್ತಾರೆ ಎಂಬ ಭಯ ಇರುವವರಿಗೆ ಇದು ನಿಜವಾದ ಅನುಕೂಲ. ಬೇಕಾದವರು ಮಾತ್ರ ಬಳಸಬಹುದು. ಆದರೆ ಒಂದು ಅಪಾಯವನ್ನು ಈಗಲೇ ನೋಡಬೇಕು. ಫೋನ್ ತೆರೆಯಲು ನಾವು ದಿನಕ್ಕೆ ಹತ್ತಾರು ಸಲ ಇದೇ ಬೆರಳು ಇಡುತ್ತೇವೆ, ಯೋಚಿಸದೆ ಇಡುತ್ತೇವೆ. ಅದೇ ಬೆರಳು, ಅದೇ ಜಾಗ, ಈಗ ಹಣವನ್ನೂ ಕಳಿಸುತ್ತದೆ. ಪಿನ್ ಒತ್ತಲು ಬೇಕಾದ ನಾಲ್ಕು ಸೆಕೆಂಡು ಕೆಲವರಿಗೆ ‘ತಡಿ, ಇದೇನು’ ಎಂದು ನಿಲ್ಲಲು ಸಿಗುತ್ತಿದ್ದ ಸಮಯವೂ ಹೌದು.

ಆಟೋಪೇ ಕೂಡ ಇದೇ ಸಾಲಿನಲ್ಲಿದೆ. ಪ್ರತಿ ತಿಂಗಳು ತಾನಾಗಿ ಹಣ ಕಟ್ ಆಗಲು ಒಪ್ಪಿಗೆ ಕೊಡುವಾಗಲೂ ಅದೇ ಪಿನ್ ಕೇಳುತ್ತಾರೆ. ಒಮ್ಮೆ ಒಪ್ಪಿದರೆ, 15,000 ರೂಪಾಯಿವರೆಗಿನ ಕಂತುಗಳಿಗೆ ಮತ್ತೆ ಪಿನ್ ಕೇಳುವುದೇ ಇಲ್ಲ. ಒಂದು ಸಲ ಕೊಡುವುದಕ್ಕೂ ಪ್ರತಿ ತಿಂಗಳು ಕೊಡುತ್ತಾ ಹೋಗುವುದಕ್ಕೂ ಇರುವ ವ್ಯತ್ಯಾಸ ಆ ಪುಟ ನೋಡಿದ ಕೂಡಲೇ ಗೊತ್ತಾಗುತ್ತಾ? ಇದನ್ನು ತಿಳಿಯಲು ಮೋಸದ ದೂರುಗಳು ರಾಶಿ ಬೀಳುವವರೆಗೆ ಕಾಯಬೇಕಿಲ್ಲ. ಹಾವೇರಿಯಲ್ಲೋ ಕೋಲಾರದಲ್ಲೋ ಐದು ಜನರನ್ನು ಕೂರಿಸಿ, ಕನ್ನಡದ ಪರದೆಯನ್ನು ತೆರೆದುಕೊಟ್ಟು, ‘ಇದನ್ನು ಒತ್ತಿದರೆ ಎಷ್ಟು ಸಲ ದುಡ್ಡು ಕಟ್ ಆಗುತ್ತೆ?’ ಎಂದು ಕೇಳಿದರೆ ಮಧ್ಯಾಹ್ನದೊಳಗೆ ಉತ್ತರ ಸಿಗುತ್ತದೆ.